ಮೂಗಿನ ಕೆಲಸ

“ಆ ಮಾಸ್ಕ್ ಕಿತ್ತು ಬಿಸಾಕು! ಇದ್ದಿಲು ಹದಕ್ಕೆ ಬಂತೋ ಇಲ್ವೋ ಅಂತ ಮೂಗು ಹೇಳ್ಬೇಕು,” ಎಂದು ಮಾಲೀಕ ಗದರಿದ. ಎಲ್ಲರೂ ಅಕ್ಕ ಅನ್ನುವ, ಇದ್ದಿಲು ಸುಡುವ ಗೂಡಿನ ಮೇಸ್ತ್ರಿ ಮಾಸ್ಕನ್ನು ಇನ್ನಷ್ಟು ಒತ್ತಿಕೊಂಡಳು.

“ಹೊಗೆ ನೀಲಿಯಾದ್ರೆ ಹದ ಬಂತು ಅಂತ. ಅದಕ್ಕೆ ಕಣ್ಣು ಸಾಕು. ನಮ್ಮಮ್ಮ ಮೂಸಿ ಮೂಸಿನೇ ಎದೆ ಹಾಳ್ಮಾಡ್ಕೊಂಡ್ಲು. ಬೇಕಾದ್ರೆ ನೀವೇ ಮೂಸಿ ನೋಡಿ.”

ಕೆಲಸದವರು ನಾಲ್ವರೂ ನೋಡುತ್ತಿದ್ದರು. ಇಷ್ಟು ದಿನ ಆಫೀಸಿನ ಕಿಟಕಿ ದಾಟದ ಆ ಮೂಗು ಗೂಡಿನ ಹೊಗೆಕಂಡಿಗೆ ಬಗ್ಗಿತು. ಮರುಕ್ಷಣ ಕೆಮ್ಮು ಒತ್ತರಿಸಿ ಬಂದು ಮಾಲೀಕ ಹಿಂದಕ್ಕೆ ಸರಿದ. ಹೊಗೆ ನೀಲಿಗೆ ತಿರುಗಿದ್ದನ್ನು ನೋಡಿ ಅಕ್ಕ ಹಸಿಮಣ್ಣು ಮೆತ್ತಿ ಕಂಡಿ ಮುಚ್ಚಿದಳು. ಜೇಬಿನಿಂದ ಇನ್ನೊಂದು ಮಾಸ್ಕ್ ತೆಗೆದು ಅವನ ಕೈಗಿಟ್ಟಳು.

“ನಿಮ್ಗೆ ಒಂದೇ ಉಸಿರಿಗೆ ಹೀಗೆ. ನಮ್ದು ಹನ್ನೆರಡು ವರ್ಷ.”

ಅವನು ಅದರ ದಾರ ಕಿವಿಗೆ ಸಿಕ್ಕಿಸುವಷ್ಟರಲ್ಲಿ, ಆ ನಾಲ್ವರೂ ಬಚ್ಚಿಟ್ಟುಕೊಂಡಿದ್ದ ಮಾಸ್ಕ್ ತೆಗೆದು ಹಾಕಿಕೊಂಡಿದ್ದರು.