ಬೋರ್ಡಿನ ಕೊನೆಯ ಸಾಲು

ಒದ್ದೆ ಬಟ್ಟೆಯಿಂದ ಒರೆಸಿದ ಸೀಮೆಸುಣ್ಣದ ವಾಸನೆ ಬಂದರೆ ನನಗೆ ಈಗಲೂ ಶಮೀಮ್ ನೆನಪಾಗುತ್ತಾಳೆ.

ದಾವಣಗೆರೆಯ ವಿನೋಬನಗರದಲ್ಲಿ ನಾವಿಬ್ಬರೂ ಏಳನೇ ಕ್ಲಾಸು. 'ಈ ದಿನ ಹುಟ್ಟಿದವರು, ಈ ದಿನ ನಡೆದದ್ದು' ಎಂದು ದಿನವೂ ಮಧ್ಯಾಹ್ನದ ಗಂಟೆಗೆ ಮೊದಲು ಬೋರ್ಡಿನ ಮೇಲೆ ಬರೆಯುವುದು ನನ್ನ ಕೆಲಸ. ಮೇಷ್ಟ್ರ ಪುಸ್ತಕ ನೋಡಿ, ಸ್ಕೇಲ್ ಇಟ್ಟು ಗೆರೆ ಎಳೆದೇ ಬರೆಯುತ್ತಿದ್ದೆ.

ಆವತ್ತು ಶಮೀಮ್ ಹಳದಿಗಟ್ಟಿದ ಚೀಟಿಯೊಂದನ್ನು ತಂದಳು. ಅವಳು ಹುಟ್ಟಿದಾಗ ಹರಿಹರದ ಆಸ್ಪತ್ರೆಯಲ್ಲಿ ಕೊಟ್ಟದ್ದು. ಮರುದಿನ ಅವರ ಮನೆಯವರು ಹುಬ್ಬಳ್ಳಿಗೆ ಹೊರಟಿದ್ದರು. ಸಾಮಾನು ಕಟ್ಟುವಾಗ ಅವಳ ಅಮ್ಮಿಗೆ ಟ್ರಂಕಿನಲ್ಲಿ ಸಿಕ್ಕಿತ್ತಂತೆ.

"ನಾ ಹುಟ್ಟಿದ್ದು ಇವತ್ತೇ ನೋಡೇ. ನನ್ನ ಹೆಸರೂ ಬರಿ. ನಾಳೆ ನಾ ಇರಲ್ಲ."

"ರಿಜಿಸ್ಟರ್‌ನಾಗೆ ನಿಂದು ಜೂನ್ ಒಂದು ಐತೆ."

ತಾರೀಕು ಗೊತ್ತಿಲ್ಲದ ಮಕ್ಕಳಿಗೆಲ್ಲ ಶಾಲೆಗೆ ಸೇರಿಸುವಾಗ ಅದನ್ನೇ ಬರೆಯುತ್ತಿದ್ದರು.

"ಜೂನ್ ಒಂದಕ್ಕೆ ಅರ್ಧ ಕ್ಲಾಸೇ ಹುಟ್ಟೈತೆ. ಹೆಡ್‌ಮೇಷ್ಟ್ರೇ ಹಡೆದರೇನೇ?" ಎಂದು ನಕ್ಕು, ತಾನೇ ಸೀಮೆಸುಣ್ಣ ತೆಗೆದುಕೊಂಡು ಎಲ್ಲರ ಕೆಳಗೆ ಸಣ್ಣಗೆ ತನ್ನ ಹೆಸರು ಬರೆದಳು.

"ಇದು ದೊಡ್ಡೋರಿಗೆ ಮಾತ್ರ" ಎಂದು ನಾನು ಒದ್ದೆ ಬಟ್ಟೆಯಿಂದ ಒರೆಸಿಬಿಟ್ಟೆ.

ಅವಳು ಚೀಟಿಯನ್ನು ಅದರ ಹಳೆಯ ಮಡಿಕೆಗಳಲ್ಲೇ ಮಡಚಿ ಜೇಬಿಗೆ ಹಾಕಿಕೊಂಡು ಹೋಗಿ ಕುಳಿತಳು.

ಮೇಷ್ಟ್ರು ಬಂದು, "ನೋಡ್ರಿ, ಬೋರ್ಡ್ ಅಂದ್ರೆ ಹಿಂಗಿರಬೇಕು" ಎಂದು ಕ್ಲಾಸಿಗೆಲ್ಲ ತೋರಿಸಿದರು. ನಾನು ಎದ್ದು ನೆಟ್ಟಗೆ ನಿಂತಿದ್ದೆ. ಕೊನೆಯ ಹೆಸರಿನ ಕೆಳಗೆ ನಾಲ್ಕು ಬೆರಳಷ್ಟು ಜಾಗ ಖಾಲಿ ಇತ್ತು, ಇನ್ನೂ ಒಣಗಿರಲಿಲ್ಲ.