ಬಲಗಡೆಯ ಲೈಟು

"ಅಣ್ಣಾ, ಇರೋದ್ರಾಗೆಲ್ಲ ಜೋರಾಗಿರೋ ಲೈಟ್ ಹಾಕ್ರಿ ಇದಕ್ಕೆ. ಮುಂದೆ ಎರಡು, ಕೆಳಗೆ ಮಂಜಿನಾಗೂ ದಾರಿ ಕಾಣೋ ಹಳದಿ ಲೈಟ್ ಎರಡು. ಹಳೇ ವೈರ್ ಒಂದೂ ಬ್ಯಾಡ, ಪೂರಾ ಹೊಸದೇ ಎಳೀರಿ," ಎಂದಳು ಪಿಕಪ್ಪಿನಿಂದ ಇಳಿದ ಹೆಂಗಸು.

ಬೊಮ್ಮಲಿಂಗಪ್ಪನಿಗೆ ಹೆಂಗಸಿನ ಗುರುತು ಸಿಗಲಿಲ್ಲ, ಗಾಡಿಯದು ಸಿಕ್ಕಿತು. ಚಳ್ಳಕೆರೆಯ ಎಣ್ಣೆಮಿಲ್ಲುಗಳ ಸಾಲಿನಲ್ಲಿ ಇಪ್ಪತ್ತು ವರ್ಷದಿಂದ ಗಾಡಿಗಳ ವೈರಿಂಗ್ ಮಾಡುತ್ತಿದ್ದವನು ಅವನು. ಮೂತಿಗೆ ಹೊಸ ತಗಡು, ಹೊಸ ಬಣ್ಣ ಬಿದ್ದಿದ್ದರೂ ಇದು ಮೊಳಕಾಲ್ಮೂರು ಕಡೆಯ ಕ್ಯಾತಪ್ಪನ ಗಾಡಿಯೇ. ಈರುಳ್ಳಿ ಹೇರಿಕೊಂಡು ಬರುತ್ತಿದ್ದ ಕ್ಯಾತಪ್ಪ ಕಳೆದ ಚಳಿಗಾಲದಲ್ಲಿ ತಳಕಿನ ಹತ್ತಿರ ಲಾರಿಗೆ ಸಿಕ್ಕಿ ತೀರಿಕೊಂಡ ಸುದ್ದಿ ಅವನ ಕಿವಿಗೂ ಬಿದ್ದಿತ್ತು. ಹೆಂಗಸಿನ ಬೋಳು ಹಣೆ ನೋಡಿದ ಮೇಲೆ ಅವಳು ಯಾರೆಂದು ಕೇಳುವ ಅಗತ್ಯ ಬೀಳಲಿಲ್ಲ. ಅವಳು ಕ್ಯಾತಪ್ಪನ ಹೆಂಡತಿ ರಾಧಮ್ಮ. ಗಾಡಿ ಓಡಿಸಿಕೊಂಡು ಬಂದವನು ಅವಳ ತಮ್ಮ ಪ್ರದೀಪ್. ಇನ್ನು ಮೇಲೆ ಈರುಳ್ಳಿ ಲೋಡು ಹೊಡೆಯುವವನು ಅವನೇ ಅಂತೆ.

ಬೊಮ್ಮಲಿಂಗಪ್ಪ ಟೆಸ್ಟರ್ ಹಿಡಿದು ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿದ. ಹೊರಗೆ ಹಳೇ ಟಯರಿನ ಮೇಲೆ ಕೂತ ರಾಧಮ್ಮ ಯಾರಿಗೂ ಅಲ್ಲವೆಂಬಂತೆ ಹೇಳುತ್ತಿದ್ದಳು.

"ಬಲಗಡೆ ಲೈಟೇ ಉರೀತಿರ್ಲಿಲ್ವಂತೆ ಅವತ್ತು. ಬೆಳಗಿನ ಜಾವ, ಮಂಜು ಬೇರೆ. ಒಂದೇ ಲೈಟ್ ಕಂಡು ಬೈಕ್ ಬರ್ತೈತೆ ಅಂದ್ಕೊಂಡ್ನಂತೆ ಲಾರಿಯೋನು. ಅವನ್ನ ಬೈದು ಏನ್ ಮಾಡಾನ? ನಮ್ಮೋರಿಗೆ ಗೊತ್ತಾಗ್ಬಾರ್ದಾ? ಇಬ್ರು ಹೆಣ್ಮಕ್ಳು ಅದಾವೆ ಮನೇಲಿ. ಒಂದು ಲೈಟ್ ಮಾಡಿಸ್ಕೊಳ್ಳಾಕೆ ಉದಾಸೀನ ಮಾಡಿ ಜೀವ ಕಳ್ಕೊಂಡ್ರು."

ಬೊಮ್ಮಲಿಂಗಪ್ಪನ ಕೈ ನಿಂತಿತು. ಲೈಟಿನ ವಿಷಯ ಅವನು ಕೇಳಿರಲಿಲ್ಲ. ಈಗ ಮೂಗಿನ ನೇರಕ್ಕೆ, ಬಲಗಡೆ ಲೈಟಿಗೆ ಹೋಗುವ ಕೆಂಪು ವೈರಿನ ನಡುವೆ, ಗೇಣುದ್ದದ ಹಸಿರು ವೈರು ಕಾಣುತ್ತಿತ್ತು. ಸುತ್ತಿದ್ದ ಟೇಪು ಒಣಗಿ ಬಿಟ್ಟುಕೊಂಡು, ತಾಮ್ರದ ಎಳೆಗಳು ಬೇರೆಬೇರೆಯಾಗಿ ನಿಂತಿದ್ದವು. ಆ ಹಸಿರು ತುಂಡು ಅವನ ಅಂಗಡಿಯದೇ. ಕ್ಯಾತಪ್ಪ ಲೈಟು ಮಾಡಿಸಲು ಬಂದದ್ದು ಶನಿವಾರ, ಬಾಗಿಲಲ್ಲಿ ನಾಲ್ಕು ಟ್ರ್ಯಾಕ್ಟರ್ ಕಾದಿದ್ದವು. ಕೆಂಪು ವೈರು ಮುಗಿದಿತ್ತು, ಬೆಸುಗೆ ಹಾಕಲು ಪುರುಸೊತ್ತಿರಲಿಲ್ಲ. ಹಸಿರು ತುಂಡನ್ನು ಹೆಣೆದು, ಟೇಪು ಸುತ್ತಿ, "ಸದ್ಯಕ್ಕೆ ನಡೀತೈತೆ ಹೋಗೋ ಮಾರಾಯ, ಸೋಮವಾರ ಬಾ, ಸರಿಯಾಗಿ ಮಾಡ್ಕೊಡ್ತೀನಿ" ಎಂದು ಕಳಿಸಿದ್ದ. ಕ್ಯಾತಪ್ಪ ಸತ್ತದ್ದು ಮರುದಿನ, ಭಾನುವಾರ.

ಕಟ್ಟರ್ ಆಡಿಸಿ ಆ ತುಂಡನ್ನು ಕತ್ತರಿಸಿ ಮುಷ್ಟಿಯಲ್ಲಿ ಹಿಡಿದ. ಪಕ್ಕದಲ್ಲೇ ಹಳೇ ವೈರಿನ ರಾಶಿ ಇತ್ತು. ಅದರೊಳಗೆ ಎಸೆದಿದ್ದರೆ ದೇವರಿಗೂ ಹುಡುಕಲು ಆಗುತ್ತಿರಲಿಲ್ಲ. ಎಸೆಯಲೆಂದೇ ಕೈ ಎತ್ತಿದ. ಅಷ್ಟರಲ್ಲಿ ಹೊರಗಿನಿಂದ ರಾಧಮ್ಮ, "ಮೊದ್ಲಿಂದ್ಲೂ ಹಂಗೇ ಆ ಮನುಷ್ಯ, ಹೆಂಡ್ತಿ ಮಕ್ಳು ಅಂದ್ರೆ ಗ್ಯಾನವೇ ಇಲ್ಲ," ಎಂದಳು.

ಬೊಮ್ಮಲಿಂಗಪ್ಪ ಹೊರಗೆ ಬಂದು ಅವಳ ಮುಂದೆ ಮುಷ್ಟಿ ಬಿಚ್ಚಿದ. "ಹಂಗನ್ಬ್ಯಾಡ ತಾಯಿ. ಅವ್ನು ಲೈಟ್ ಮಾಡ್ಸಾಕೇ ಬಂದಿದ್ದ. ಹಿಂದಿನ ದಿನಾನೇ. ಸರಿಯಾಗಿ ಮಾಡಣ್ಣ, ಬೆಳಗಿನ ಜಾವ ಹೊರಡ್ತೀನಿ ಅಂತ ಎರಡು ಸಲ ಹೇಳ್ದ. ನಾನೇ ಇದನ್ನ ಸುತ್ತಿ ಕಳಿಸ್ದೆ. ಇದೇ ಬಿಟ್ಕೊಂಡೈತೆ."

ಪ್ರದೀಪ್ ಎದ್ದು ಬಂದು ಅವನ ಅಂಗಿಯ ಕೊರಳಪಟ್ಟಿ ಹಿಡಿದ. ಬೊಮ್ಮಲಿಂಗಪ್ಪ ಬಿಡಿಸಿಕೊಳ್ಳಲಿಲ್ಲ. ಪಕ್ಕದ ಎಸ್‌ಟಿಡಿ ಬೂತಿನವರು ಎದ್ದು ನಿಂತು ನೋಡಿದರು.

"ಬಿಡೋ," ಎಂದಳು ರಾಧಮ್ಮ. ಬೊಮ್ಮಲಿಂಗಪ್ಪನ ಮುಖವನ್ನೇ ನೋಡುತ್ತ ಕೇಳಿದಳು, "ಎರಡು ಸಲ ಹೇಳಿದ್ರಾ ಅವ್ರು?"

"ಹೂಂ ತಾಯಿ. ಎರಡು ಸಲ."

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಎಂಟು ತಿಂಗ್ಳಾತಣ್ಣಾ," ಎಂದಳು ಸೆರಗು ಬಿಟ್ಟು, "ದಿನಾ ಬೈದೀನಿ. ಫೋಟೋಕ್ಕೆ ಊದಿನಕಡ್ಡಿ ಹಚ್ಚುವಾಗ್ಲೂ ಬೈದೀನಿ. ಅತ್ತೇನೂ ಹೆತ್ತ ಮಗನ್ನ ಬೈಕೊಂಡೇ ಅಳ್ತಾರೆ."

ಬೊಮ್ಮಲಿಂಗಪ್ಪ ಆ ಹಸಿರು ತುಂಡನ್ನು ಅಂಗಿಯ ಜೇಬಿಗೆ ಹಾಕಿಕೊಂಡ.

"ನಿಮಗೆ ಏನನ್ಬೇಕೋ ಅದನ್ನ ಆಮ್ಯಾಲೆ ಅಂತೀನಿ," ಎಂದಳು ರಾಧಮ್ಮ. "ಮೊದ್ಲು ಕೆಲಸ ಮುಗಿಸ್ರಿ. ಆಮ್ಯಾಲೆ ನಮ್ಮೂರಿಗೆ ಬಂದು, ನನಗೆ ಹೇಳಿದ್ದನ್ನೇ ನಮ್ಮತ್ತೆ ಮುಂದೆ ಹೇಳ್ರಿ. ನಾನು ಹೇಳಿದ್ರೆ ನಂಬಾಕಿಲ್ಲ ಆ ಮುದುಕಿ."

ಅವನು ಮತ್ತೆ ಡ್ಯಾಶ್‌ಬೋರ್ಡಿನ ಕೆಳಗೆ ತೂರಿದ. ಬ್ಯಾಟರಿಯಿಂದಲೇ ದಪ್ಪ ವೈರು ಎಳೆದು ರಿಲೇ ಕೂರಿಸಿದ. ಜೋಡಿಸಿದ ಕಡೆಯಲ್ಲೆಲ್ಲ ಬೆಸುಗೆ ಹಾಕಿ, ಕೈಯಿಂದ ಜಗ್ಗಿ ಜಗ್ಗಿ ನೋಡಿದ. ಬೇರೆ ಗಿರಾಕಿಗಳು ಬಂದು ಕೂಗಿ ವಾಪಸು ಹೋದರು. ಕೆಲಸ ಮುಗಿದಾಗ ಮಧ್ಯಾಹ್ನ. ಅಂಗಡಿಗೆ ಬೀಗ ಹಾಕಿ, ಒಳಗೆ ಕೂರೆಂದು ಯಾರೂ ಕರೆಯದ ಕಾರಣ ಹಿಂದಿನ ತೊಟ್ಟಿಗೆ ಹತ್ತಿ, ಕಂಬಿ ಹಿಡಿದು ನಿಂತುಕೊಂಡ.

ತಳಕಿನ ಹತ್ತಿರ ಎದುರಿಗೆ ಬಂದ ಬಸ್ಸಿನ ಡ್ರೈವರ್ ಕೈ ಹೊರಗೆ ಚಾಚಿ, ಐದೂ ಬೆರಳು ಬಿಡಿಸಿ ಮುಚ್ಚಿ, ಲೈಟ್ ಉರೀತೈತೆ ಎಂದು ಸನ್ನೆ ಮಾಡಿದ. ಅವನ ಹಿಂದೆ ಬಂದ ಬೈಕಿನವನೂ ಹಾಗೇ ಮಾಡಿದ. ಪ್ರದೀಪನ ಕೈ ಸ್ವಿಚ್ಚಿನ ಕಡೆ ಹೋಯಿತು.

"ಇರ್ಲಿ ಬಿಡು," ಎಂದಳು ರಾಧಮ್ಮ. ಸುಡುವ ಬಿಸಿಲಿನಲ್ಲಿ ನಾಲ್ಕೂ ಲೈಟು ಉರಿಯುತ್ತಲೇ ಇದ್ದವು.