ಕಾಮಾಲೆಯ ಬರೆ

ಆ ಮಗುವನ್ನು ಈ ಮನೆಗೆ ಸಾಕಲು ಕೊಟ್ಟು ತಿಂಗಳಾಗಿತ್ತು. ಮೊದಲು ಸಾಕುತ್ತಿದ್ದ ದಂಪತಿಗೆ ಬೇರೆ ಊರಿಗೆ ವರ್ಗವಾದ್ದರಿಂದ ಅವಳನ್ನು ಇಲ್ಲಿಗೆ ತಂದು ಬಿಟ್ಟಿದ್ದರು. ವಿಚಾರಿಸಿಕೊಂಡು ಹೋಗಲು ಬಂದ ಮಕ್ಕಳ ಇಲಾಖೆಯ ಅಧಿಕಾರಿಣಿಗೆ ಕಾಫಿ ಕೊಟ್ಟು ಸಾಕುತಾಯಿ ಮೆಲ್ಲಗೆ ಹೇಳಿದಳು.

"ಮೇಡಂ, ಬಂದಾಗಿಂದ ಬಾಯೇ ಬಿಟ್ಟಿಲ್ಲ. ನಾನು ಅಡುಗೆಮನೆಗೆ ಹೋದ್ರೆ ಸಾಕು, ಮಂಚದ ಕೆಳಗೆ ಸೇರ್ಕೋತಾಳೆ. ಸ್ನಾನ ತಾನೇ ಮಾಡ್ಕೋತಿದ್ಳು, ಮೊನ್ನೆ ಮೊದಲ ಸಲ ಎಣ್ಣೆನೀರು ಹಾಕೋವಾಗ ನೋಡಿದೆ, ಬೆನ್ನ ಮೇಲೆಲ್ಲ ಬರೆ."

"ಅದಾ? ಸಣ್ಣವಳಿದ್ದಾಗ ಕಾಮಾಲೆ ಆಗಿತ್ತಂತೆ. ಯಾರೋ ನಾಟಿ ವೈದ್ಯರ ಹತ್ರ ಬರೆ ಹಾಕ್ಸಿದಾರೆ. ಮೊದಲು ಸಾಕ್ತಿದ್ದ ಮನೆಯವರೇ ಹೇಳಿದ್ರು."

"ಇಷ್ಟೊಂದಾ?"

"ಹಳ್ಳಿ ಕಡೆ ಹಾಗೇ ಕಣ್ರೀ. ಆ ಮನೇಲಿ ಏನೂ ತೊಂದ್ರೆ ಇರ್ಲಿಲ್ಲ, ನಾನೇ ಹೋಗಿ ನೋಡ್ತಿದ್ದೆ. ಇರಿ, ಅವಳನ್ನೇ ಕೇಳೋಣ. ಪುಟ್ಟೀ, ಹೇಗಿದೀಯಾ?"

ಮಂಚದ ಕೆಳಗಿನಿಂದ ಬಂದ ಮಗು ಕೈಕಟ್ಟಿ ನಿಂತು, ಪದ್ಯ ಒಪ್ಪಿಸುವಂತೆ ಹೇಳಿತು.

"ಅಮ್ಮ ನನ್ನ ಚೆನ್ನಾಗಿ ನೋಡ್ಕೋತಾರೆ. ಹೊಟ್ಟೆ ತುಂಬ ಊಟ ಹಾಕ್ತಾರೆ. ನಂಗೆ ಇಲ್ಲೇ ಇರೋಕಿಷ್ಟ."

"ನೋಡಿದ್ರಾ? ಅಲ್ಲೂ ಪ್ರತಿ ಸಲ ಹೀಗೇ ಮುದ್ದಾಗಿ ಹೇಳ್ತಿದ್ಳು," ಎಂದು ಅಧಿಕಾರಿಣಿ ನಕ್ಕಳು.

ಸಾಕುತಾಯಿಯ ಕಣ್ಣು ತುಂಬಿ ಬಂತು. ಮಗುವಿನ ದನಿಯನ್ನು ಅವಳು ಕೇಳಿದ್ದೇ ಇವತ್ತು. ಎತ್ತಿಕೊಳ್ಳಲೆಂದು ಕೈ ಚಾಚಿದಳು.

ಮಗು ಗೋಡೆಗೆ ಬೆನ್ನು ಒತ್ತಿಕೊಂಡು ನಿಂತಿತು.

"ಒಂದೂ ತಪ್ಪದೆ ಹೇಳಿದ್ನಲ್ಲಮ್ಮಾ, ಇವತ್ತು ಸೌಟು ಕಾಯ್ಸಲ್ಲ ತಾನೇ?"